ಕೊನೆ ಗೊತ್ತಿದ್ದೂ ಓದುವ ಸುಖ



1834ರ ಏಪ್ರಿಲ್ ತಿಂಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಮಡಿಕೇರಿಗೆ ಬಂತು. ಕೊಡಗಿನ ಕೊನೆಯ ಅರಸ ಚಿಕವೀರ ರಾಜೇಂದ್ರನನ್ನು ಗದ್ದುಗೆಯಿಂದ ಇಳಿಸಿತು. ಕೊಡಗು ಕಂಪನಿಯ ಪಾಲಾಯಿತು. ಶಾಲೆಯ ಪಾಠಪುಸ್ತಕಕ್ಕೆ ಇಷ್ಟು ಸಾಕು. ಪರೀಕ್ಷೆಯಲ್ಲಿ ಬಂದರೆ ಒಂದು ಮಾರ್ಕಿನ ಪ್ರಶ್ನೆ, ಬಿಟ್ಟ ಸ್ಥಳ ತುಂಬಿರಿ. ಇದೇ ಮೂರು ಸಾಲಿನ ಸಂಗತಿಯನ್ನು ಮಾಸ್ತಿ ವೆಂಕಟೇಶ ಅಯ್ಯಂಗಾರರು ನೂರಾರು ಪುಟಗಳ ಕಾದಂಬರಿಯಾಗಿ ಬರೆದರು. 1956ರಲ್ಲಿ ಬಂದ ಆ ಪುಸ್ತಕದ ಹೆಸರು ‘ಚಿಕವೀರ ರಾಜೇಂದ್ರ’. ಪುಸ್ತಕ ಕೈಗೆತ್ತಿಕೊಳ್ಳುವ ಮೊದಲೇ ನಿಮಗೆ ಕೊನೆ ಗೊತ್ತು. ರಾಜ ಉಳಿಯುವುದಿಲ್ಲ, ರಾಜ್ಯವೂ ಉಳಿಯುವುದಿಲ್ಲ. ಹಾಗಿದ್ದ ಮೇಲೆ ಅಷ್ಟು ಪುಟ ತಿರುವಿ ಹಾಕುವುದೇಕೆ?

ನಮ್ಮ ಕನ್ನಡ ಸ್ಲಾಟಿಗೆ ಫೋನು ಮಾಡುವವರಲ್ಲಿ ಕೆಲವರು ಈ ಪ್ರಶ್ನೆಯನ್ನು ಬೇರೆ ಥರ ಕೇಳುತ್ತಾರೆ. “ಅಷ್ಟು ದಪ್ಪ ಪುಸ್ತಕ ಓದೋಕೆ ಈ ಊರಲ್ಲಿ ಯಾರಿಗೆ ಸ್ವಾಮೀ ಪುರುಸೊತ್ತು?” ಅಂತ. ನ್ಯಾಯವಾದ ಮಾತೇ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ರೈಲು ಬಸ್ಸುಗಳಲ್ಲೇ ಕಳೆಯುವ ಊರುಗಳು ನಮ್ಮವು. ಆದರೆ ದಪ್ಪ ಪುಸ್ತಕ ಓದುವುದಕ್ಕೆ ಬೇಕಾದದ್ದು ಒಂದೇ ಸಲಕ್ಕೆ ಸಿಗುವ ಎಂಟು ಗಂಟೆಯಲ್ಲ, ದಿನಾ ಸಿಗುವ ಇಪ್ಪತ್ತು ನಿಮಿಷ. ಸಣ್ಣ ಕಥೆಯನ್ನು ನಾವು ಓದಿ ಮುಗಿಸುತ್ತೇವೆ. ದೊಡ್ಡ ಕಾದಂಬರಿ ಹಾಗಲ್ಲ, ಅದರ ಜೊತೆ ತಿಂಗಳುಗಟ್ಟಲೆ ಇರುತ್ತೇವೆ. ಆಫೀಸಿನಲ್ಲಿ ಕೂತಾಗ ಇದ್ದಕ್ಕಿದ್ದ ಹಾಗೆ ಬೋಪಣ್ಣ ಈಗ ಏನು ಮಾಡುತ್ತಾನೋ ಎಂದು ಯೋಚನೆ ಬರುತ್ತದಲ್ಲ, ಆ ಸುಖ ಮೂವತ್ತು ಪುಟದ ಬರಹದಲ್ಲಿ ಸಿಗುವುದಿಲ್ಲ.

ಮೊದಲು ಸ್ವಲ್ಪ ಇತಿಹಾಸ ಹೇಳಿಬಿಡುತ್ತೇನೆ. ಇದು ಗೊತ್ತಿದ್ದರೆ ಕಾದಂಬರಿಯ ರುಚಿ ಕಡಿಮೆಯಾಗುವುದಿಲ್ಲ, ಇನ್ನಷ್ಟು ಹೆಚ್ಚುತ್ತದೆ.

ಕೊಡಗನ್ನು ಸುಮಾರು ಇನ್ನೂರು ವರ್ಷ ಆಳಿದವರು ಹಾಲೇರಿ ವಂಶದ ವೀರಶೈವ ಅರಸರು. ಪ್ರಜೆಗಳಲ್ಲಿ ಬಲಿಷ್ಠರಾಗಿದ್ದವರು ಕೊಡವರು. ಅರಸನ ಮನೆತನ ಬೇರೆ, ನಾಡಿನ ತೋಳ್ಬಲ ಬೇರೆ. ಈ ಮಾತನ್ನು ಗಂಟು ಕಟ್ಟಿ ಇಟ್ಟುಕೊಳ್ಳಿ, ಕಾದಂಬರಿಯ ಅರ್ಧ ಬಿಕ್ಕಟ್ಟು ಇದರೊಳಗೇ ಇದೆ. ಈ ವಂಶದಲ್ಲಿ ದೊಡ್ಡ ಹೆಸರು ದೊಡ್ಡವೀರ ರಾಜೇಂದ್ರನದು. ಟಿಪ್ಪು ಸುಲ್ತಾನನ ಸೆರೆಯಲ್ಲಿ ಪಿರಿಯಾಪಟ್ಟಣದಲ್ಲಿದ್ದವನು 1788ರಲ್ಲಿ ತಪ್ಪಿಸಿಕೊಂಡು ಬಂದು ನಾಡನ್ನು ಮತ್ತೆ ಕಟ್ಟಿದ. ಟಿಪ್ಪುವನ್ನು ಎದುರಿಸಲು 1790ರಲ್ಲಿ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡ. ಮುಂಬಯಿ ಕಡೆಯಿಂದ ಬಂದ ಜನರಲ್ ಅಬರ್‌ಕ್ರಾಂಬಿಯ ಸೈನ್ಯ ಶ್ರೀರಂಗಪಟ್ಟಣಕ್ಕೆ ಹೋದದ್ದು ಕೊಡಗಿನ ದಾರಿಯಲ್ಲೇ. ಆ ಭೇಟಿಯ ನೆನಪಿಗೆ ಅವನು ಕಟ್ಟಿಸಿದ ಪೇಟೆಯೇ ವೀರರಾಜೇಂದ್ರಪೇಟೆ, ಈಗ ನಮ್ಮ ಬಾಯಲ್ಲಿ ವಿರಾಜಪೇಟೆ. ರಜೆಯಲ್ಲಿ ಕಾಫಿ ತೋಟ ನೋಡಲು ಹೋದವರೆಲ್ಲ ಆ ಹೆಸರು ಹೇಳಿರುತ್ತೀರಿ. ಒಬ್ಬ ಶತ್ರುವನ್ನು ಓಡಿಸಲು ಇನ್ನೊಬ್ಬನಿಗೆ ಬಾಗಿಲು ತೆರೆದ ಕಥೆ ಅದರೊಳಗಿದೆ ಎಂಬುದು ತಟ್ಟನೆ ಹೊಳೆಯುವುದಿಲ್ಲ.

ದೊಡ್ಡವೀರ ರಾಜೇಂದ್ರನಿಗೆ ಗಂಡು ಸಂತಾನವಿರಲಿಲ್ಲ. ತನ್ನ ಮಗಳು ದೇವಮ್ಮಾಜಿಗೆ ರಾಜ್ಯ ಸಲ್ಲಬೇಕೆಂದು ಅವನ ಆಸೆ. 1809ರಲ್ಲಿ ಅವನು ತೀರಿಕೊಂಡ. 1811ರ ಹೊತ್ತಿಗೆ ಅವನ ತಮ್ಮ ಲಿಂಗರಾಜ ಆ ಹುಡುಗಿಯನ್ನು ಬದಿಗೆ ಸರಿಸಿ ತಾನೇ ಅರಸನಾದ. 1820ರಲ್ಲಿ ಲಿಂಗರಾಜ ಸತ್ತ ಮೇಲೆ ಅವನ ಮಗ ಪಟ್ಟಕ್ಕೆ ಬಂದ. ಇನ್ನೂ ಇಪ್ಪತ್ತರ ಆಸುಪಾಸಿನ ಹುಡುಗ. ಅವನೇ ನಮ್ಮ ಚಿಕವೀರ ರಾಜೇಂದ್ರ. ಅಂದರೆ ಅವನು ಕೂತ ಗದ್ದುಗೆಗೆ ಮೊದಲೇ ಒಂದು ಅನ್ಯಾಯ ಅಂಟಿಕೊಂಡಿತ್ತು. ತನಗಿಂತ ಹೆಚ್ಚು ಹಕ್ಕಿರುವವರು ಎಲ್ಲೋ ಇದ್ದಾರೆ ಎಂಬ ಭಯದಲ್ಲಿ ಬೆಳೆದವನು ಎಂಥ ರಾಜನಾಗುತ್ತಾನೆ? ನೆಂಟರನ್ನೆಲ್ಲ ಅನುಮಾನದಿಂದ ನೋಡುವ ರಾಜನಾಗುತ್ತಾನೆ. ಆದ.

1832ರಲ್ಲಿ ಅವನ ಸ್ವಂತ ತಂಗಿ ಮತ್ತು ಅವಳ ಗಂಡ ಚನ್ನಬಸವ ಗಡಿ ದಾಟಿ ಓಡಿಹೋಗಿ ಇಂಗ್ಲಿಷರ ಆಶ್ರಯ ಬೇಡಿದರು. ಈ ತಂಗಿಯ ಹೆಸರೂ ದೇವಮ್ಮಾಜಿಯೇ! ಅವರನ್ನು ವಾಪಸು ಕಳಿಸಿ ಎಂದು ರಾಜ, ಕಳಿಸುವುದಿಲ್ಲ ಎಂದು ಕಂಪನಿ. ಮಾತುಕತೆಗೆ ಮಲಬಾರಿನಿಂದ ಬಂದ ಕಂಪನಿಯ ದೂತನೊಬ್ಬನನ್ನು ರಾಜ ಹಿಡಿದು ಇಟ್ಟುಕೊಂಡ. ಕಂಪನಿಗೆ ಇಷ್ಟೇ ಸಾಕಾಗಿತ್ತು. 1834ರ ಏಪ್ರಿಲ್ ಮೊದಲಲ್ಲಿ ಹಲವು ದಿಕ್ಕಿನಿಂದ ಸೈನ್ಯ ಒಳಗೆ ಬಂತು. ಕೊಡಗಿನವರು ಕೈಕಟ್ಟಿ ಕೂತರು ಎಂದುಕೊಳ್ಳಬೇಡಿ. ಉತ್ತರದ ಕಡೆಯಿಂದ ಬಂದ ತುಕಡಿ ಬಕ್ಕದ ಹತ್ತಿರ ಭಾರಿ ಪೆಟ್ಟು ತಿಂದಿತು. ಆದರೆ ಪೂರ್ವದ ದಾರಿಯಲ್ಲಿ ಕರ್ನಲ್ ಫ್ರೇಜರ್‌ನನ್ನು ಎದುರುಗೊಂಡು ಮಡಿಕೇರಿಗೆ ಕರೆತಂದವನು ರಾಜನ ದಿವಾನನೇ ಆಗಿದ್ದ ಅಪ್ಪಾರಂಡ ಬೋಪು. ಕುಶಾಲನಗರಕ್ಕೆ ಇಂಗ್ಲಿಷರ ಕಾಲದಲ್ಲಿ ಫ್ರೇಜರ್‌ಪೇಟೆ ಎಂಬ ಹೆಸರಿತ್ತು ಎಂಬುದನ್ನು ನಿಮ್ಮ ಮನೆಯ ಹಿರಿಯರು ಹೇಳಿರಬಹುದು. ಅದು ಈ ಫ್ರೇಜರನ ಹೆಸರೇ.

ಇತಿಹಾಸದ ಈ ಬೋಪುವೇ ಕಾದಂಬರಿಯಲ್ಲಿ ಬೋಪಣ್ಣ. ಮಾಸ್ತಿಯವರ ಪುಸ್ತಕವನ್ನು ದೊಡ್ಡದು ಎಂದು ನಾನು ಕರೆಯುವುದು ಪುಟದ ಲೆಕ್ಕದಿಂದಲ್ಲ, ಈ ಮನುಷ್ಯನನ್ನು ನಡೆಸಿಕೊಂಡ ರೀತಿಯಿಂದ.

ಯೋಚಿಸಿ ನೋಡಿ. ತನ್ನ ರಾಜನ ವಿರುದ್ಧ ಪರದೇಶದ ಸೈನ್ಯವನ್ನು ಕರೆತಂದ ಮಂತ್ರಿ. ಇದನ್ನು ಹತ್ತು ಪುಟದಲ್ಲಿ ಬರೆದರೆ ಅವನು ದ್ರೋಹಿ. ಬೇರೊಬ್ಬರು ಇನ್ನೊಂದು ಹತ್ತು ಪುಟದಲ್ಲಿ ಬರೆದರೆ ದುಷ್ಟ ರಾಜನಿಂದ ನಾಡನ್ನು ಬಿಡಿಸಿದ ಪುಣ್ಯಾತ್ಮ. ಎರಡೂ ಬರಹ ಮುಗಿಸಿ ನೀವು ದೀಪ ಆರಿಸಿ ಮಲಗಬಹುದು. ಮಾಸ್ತಿ ಹಾಗೆ ಮಲಗಲು ಬಿಡುವುದಿಲ್ಲ. ಬೋಪಣ್ಣನ ನಿಷ್ಠೆಯನ್ನು ಮೊದಲು ತೋರಿಸುತ್ತಾರೆ, ಆಮೇಲೆ ಅವನ ಸಿಟ್ಟು, ಆಮೇಲೆ ಅವನ ಹಿಂಜರಿಕೆ. ರಾಜ ಇನ್ನೊಂದು ತಪ್ಪು ಮಾಡುತ್ತಾನೆ, ಬೋಪಣ್ಣ ಇನ್ನೊಂದು ಸಲ ತಾಳಿಕೊಳ್ಳುತ್ತಾನೆ. ಓದುತ್ತಾ ಓದುತ್ತಾ ನಮಗೇ ತಾಳ್ಮೆ ತಪ್ಪುತ್ತದೆ. “ಇನ್ನೂ ಯಾಕಪ್ಪಾ ಸುಮ್ಮನಿದ್ದೀಯ?” ಎಂದು ಅವನನ್ನು ಕೇಳುವ ಹಾಗಾಗುತ್ತದೆ. ಕೊನೆಗೆ ಅವನು ಹೆಜ್ಜೆ ಇಟ್ಟಾಗ ಸಮಾಧಾನವಾಗಬೇಕಿತ್ತು, ಆಗುವುದಿಲ್ಲ. ಏಕೆಂದರೆ ಆ ಹೆಜ್ಜೆಯ ಆಚೆ ಏನಿದೆ ಎಂದು ಅವನಿಗೆ ಪೂರ್ತಿ ಗೊತ್ತಿಲ್ಲ, ನಮಗೆ ಗೊತ್ತು. 1834ರಲ್ಲಿ ಬಂದವರು 1947ರವರೆಗೆ ಹೋಗಲಿಲ್ಲ ಎಂದು ನಮಗೆ ಗೊತ್ತು.

ಕೊನೆ ಗೊತ್ತಿರುವುದರ ಸುಖ ಅಂದೆನಲ್ಲ, ಅದು ಇದೇ. ಪತ್ತೇದಾರಿ ಕಾದಂಬರಿಯಲ್ಲಿ ಲೇಖಕನಿಗೆ ಗೊತ್ತಿದ್ದದ್ದು ನಮಗೆ ಗೊತ್ತಿರುವುದಿಲ್ಲ. ಐತಿಹಾಸಿಕ ಕಾದಂಬರಿಯಲ್ಲಿ ಪಾತ್ರಗಳಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಿರುತ್ತದೆ. ಎಚ್ಚರಿಸಬೇಕು ಅನ್ನಿಸುತ್ತದೆ, ಆದರೆ ಇನ್ನೂರು ವರ್ಷದ ಈಚೆ ದಡದಿಂದ ಕೂಗಿದರೆ ಕೇಳಿಸೀತೇ? ಹಾಗಾಗಿ ಓದುವುದಷ್ಟೇ ನಮಗೆ ಉಳಿಯುವುದು. ಪುಟ ಕಡಿಮೆಯಾಗುತ್ತಾ ಬಂದ ಹಾಗೆ ನಿಧಾನವಾಗಿ ಓದಲು ತೊಡಗುತ್ತೇವೆ.

ಬೋಪಣ್ಣನೊಬ್ಬನೇ ಅಲ್ಲ. ರಾಜನ ಸುತ್ತ ಮೂವರು ಮಂತ್ರಿಗಳು. ಕೊಡವ ಬೋಪಣ್ಣ, ಬ್ರಾಹ್ಮಣ ಲಕ್ಷ್ಮೀನಾರಾಯಣಯ್ಯ, ಮತ್ತು ಕುಂಟ ಬಸವ. ಬಸವ ಅರಮನೆಯ ನಾಯಿ ನೋಡಿಕೊಳ್ಳುತ್ತಿದ್ದ ಹುಡುಗ, ರಾಜನ ಬಾಲ್ಯದ ಜೊತೆಗಾರ. ಅರಸನ ಎಲ್ಲ ಚಟಕ್ಕೂ ಕೈಗೂಡಿಸುತ್ತಾ ಮಂತ್ರಿಯಾಗಿ ಮೇಲೆ ಬಂದವನು. ಮೊದಲ ಸಲ ಕಂಡಾಗ ನೀವು ಅವನನ್ನು ದ್ವೇಷಿಸುತ್ತೀರಿ, ಅದು ಸರಿಯೇ. ಸ್ವಲ್ಪ ತಡೆಯಿರಿ. ನಡುವೆ ಭಗವತಿ ಎಂಬ ಹೆಂಗಸೊಬ್ಬಳು ಕಥೆಯೊಳಗೆ ಬರುತ್ತಾಳೆ. ಅವಳು ಯಾರು, ಎಲ್ಲಿಂದ ಬಂದಳು, ಯಾಕೆ ಬಂದಳು ಎಂಬುದನ್ನು ನಾನು ಇಲ್ಲಿ ಹೇಳಿದರೆ ನೀವು ನನ್ನನ್ನು ಕ್ಷಮಿಸಲಾರಿರಿ. ಅವಳು ಬಂದು ಹೋದ ಮೇಲೆ ಬಸವನನ್ನು ಮೊದಲಿನ ಹಾಗೆ ದ್ವೇಷಿಸಲು ಆಗುವುದಿಲ್ಲ ಎಂದಷ್ಟೇ ಹೇಳುತ್ತೇನೆ. ಈ ಎಳೆಗೆ ಚರಿತ್ರೆಯ ದಾಖಲೆ ಹುಡುಕಲು ಹೋಗಬೇಡಿ. ಇದು ಕಾದಂಬರಿಕಾರನ ಕಲ್ಪನೆ, ಮತ್ತು ನನ್ನ ಮಟ್ಟಿಗೆ ಪುಸ್ತಕದ ಅತ್ಯಂತ ನಿಜವಾದ ಭಾಗ.

ರಾಣಿ ಗೌರಮ್ಮನ ಬಗ್ಗೆ ನನಗೆ ಒಂದು ಸಣ್ಣ ತಕರಾರಿದೆ. ಆಕೆ ತುಂಬಾ ಒಳ್ಳೆಯವಳು. ಗಂಡ ಅಷ್ಟು ಕೆಟ್ಟವನಾದ ಮೇಲೂ ಸಂಸಾರ, ರಾಜ್ಯ ಎರಡನ್ನೂ ಹಿಡಿದು ನಿಲ್ಲಿಸಲು ನೋಡುತ್ತಾಳೆ. ಮಾಸ್ತಿಯವರಿಗೆ ಒಳ್ಳೆಯ ಹೆಣ್ಣುಮಕ್ಕಳ ಮೇಲೆ ವಿಪರೀತ ನಂಬಿಕೆ. ಈ ಕಾಲದ ಓದುಗರು, ಅದರಲ್ಲೂ ಹೆಣ್ಣುಮಕ್ಕಳು, “ಇವಳಿಗೆ ಒಮ್ಮೆಯಾದರೂ ಸಿಟ್ಟು ಬರಬಾರದಿತ್ತೇ?” ಎಂದು ಕೇಳಿದರೆ ತಪ್ಪಿಲ್ಲ. ಆದರೂ ಆಕೆ ಬಂದಾಗ ಪುಟಕ್ಕೆ ಒಂದು ಬೆಳಕು ಬರುತ್ತದೆ. ಅದನ್ನೂ ಒಪ್ಪಬೇಕು.

ಇನ್ನು ರಾಜ. ಕುಡಿತ, ಹೆಣ್ಣಿನ ಚಪಲ, ಕಾರಣವಿಲ್ಲದ ಸಿಟ್ಟು. ತಂಗಿಯ ಹಸುಗೂಸು ಅವನ ಕೈಗೆ ಸಿಕ್ಕುವ ಭಾಗವಿದೆ. ಅದನ್ನು ಓದಿದ ದಿನ ಊಟ ಸೇರುವುದಿಲ್ಲ. ಅವನನ್ನು ಸಮರ್ಥಿಸುವ ಕೆಲಸಕ್ಕೆ ಮಾಸ್ತಿ ಹೋಗುವುದಿಲ್ಲ. ಆದರೆ ಅವನನ್ನು ಬಿಟ್ಟು ದೂರವೂ ನಿಲ್ಲುವುದಿಲ್ಲ. ಬಾಲ್ಯದಿಂದ ಯಾರೂ ಬೇಡ ಅನ್ನದ, ಯಾರೂ ಪ್ರೀತಿಯಿಂದ ಗದರಿಸದ ಹುಡುಗ ಇವನು. ಆ ಹುಡುಗ ಆಗಾಗ ರಾಜನೊಳಗಿಂದ ಇಣುಕುತ್ತಾನೆ.

ಇಲ್ಲಿ ಒಂದು ಮಾತು ಬಿಚ್ಚಿ ಹೇಳಬೇಕು. ಚಿಕವೀರ ರಾಜೇಂದ್ರ ರಾಕ್ಷಸನಾಗಿದ್ದ ಎಂಬ ಕಥೆ ನಮಗೆ ಮುಖ್ಯವಾಗಿ ಬಂದದ್ದು ಗೆದ್ದವರ ಕಡೆಯಿಂದ. ಅದರಲ್ಲಿ ಪ್ರಮುಖವಾದದ್ದು ಹರ್ಮನ್ ಮೋಗ್ಲಿಂಗ್ 1855ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ‘ಕೂರ್ಗ್ ಮೆಮೊಯರ್ಸ್’. ಮೋಗ್ಲಿಂಗ್ ಹೆಸರು ನಿಮಗೆ ಗೊತ್ತು. ಬಾಸೆಲ್ ಮಿಷನ್ನಿನ ಪಾದ್ರಿ, 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿದವರು, ಕನ್ನಡ ಪತ್ರಿಕೋದ್ಯಮ ಅವರಿಂದಲೇ ಶುರು. ಕನ್ನಡಕ್ಕೆ ಅವರು ಮಾಡಿದ ಉಪಕಾರ ದೊಡ್ಡದು. ಆದರೆ ಕೊಡಗನ್ನು ತೆಗೆದುಕೊಂಡದ್ದು ಸರಿ ಎಂದು ನಂಬಿದ ಕಾಲದಲ್ಲಿ, ಹಾಗೆ ನಂಬಿದ ಜನರ ನಡುವೆ ಕೂತು ಬರೆದ ಪುಸ್ತಕ ಅದು. ರಾಜ ಎಷ್ಟು ಕೆಟ್ಟವನಾಗಿ ಕಂಡರೆ ಕಂಪನಿ ಅಷ್ಟು ಒಳ್ಳೆಯದಾಗಿ ಕಾಣುತ್ತದೆ, ಈ ಲೆಕ್ಕ ಕಷ್ಟದ್ದೇನಲ್ಲ. ಪ್ರಜೆಗಳೇ ಒಕ್ಕೊರಲಿನಿಂದ ಬಯಸಿದ್ದರಿಂದ ನಾಡನ್ನು ವಹಿಸಿಕೊಂಡಿದ್ದೇವೆ ಎಂದು 1834ರಲ್ಲಿ ಕಂಪನಿಯೇ ಸಾರಿತ್ತು. ನಿಜಕ್ಕೂ ಅಷ್ಟು ಬಯಸಿದ್ದರೆ ಮೂರೇ ವರ್ಷದಲ್ಲಿ, 1837ರಲ್ಲಿ, ಅಮರ ಸುಳ್ಯದ ರೈತರು ಎದ್ದು ಮಂಗಳೂರಿನವರೆಗೆ ನುಗ್ಗಿದ್ದೇಕೆ? ಆ ದಂಗೆಯ ನಂತರ ಕಂಪನಿ ಹಿಡಿದು ಸೆರೆಗೆ ಹಾಕಿದವರಲ್ಲಿ ಹಳೆಯ ದಿವಾನ ಲಕ್ಷ್ಮೀನಾರಾಯಣನೂ ಒಬ್ಬ.

ಹಾಗಾದರೆ ಮಾಸ್ತಿಯವರೂ ಗೆದ್ದವರ ಕಥೆಯನ್ನೇ ಹೇಳಿದರೇ? ಒಂದು ಮಟ್ಟಿಗೆ ಹೌದು. ರಾಜನ ದೌರ್ಜನ್ಯದ ವಿವರಗಳನ್ನು ಅವರು ಹೆಚ್ಚು ಪ್ರಶ್ನಿಸದೆ ಒಪ್ಪಿಕೊಂಡಿದ್ದಾರೆ ಎಂದೇ ನನಗೆ ಅನ್ನಿಸುತ್ತದೆ. ಆದರೆ ದೊಡ್ಡ ಕಾದಂಬರಿಗೆ ಒಂದು ಗುಣವಿದೆ. ಅದರಲ್ಲಿ ಎಲ್ಲರಿಗೂ ಮಾತಾಡಲು ಜಾಗ ಸಿಗುತ್ತದೆ. ಜಾಗ ಸಿಕ್ಕಿದ ಮೇಲೆ ಯಾವ ಪಾತ್ರವೂ ಬರೀ ಸಾಕ್ಷಿಯಾಗಿ ನಿಲ್ಲುವುದಿಲ್ಲ, ತನ್ನ ಪಾಡು ಹೇಳಿಕೊಳ್ಳುತ್ತದೆ. ಇಂಗ್ಲಿಷರು ಇಲ್ಲಿ ಕತ್ತಿ ಹಿರಿದು ಬರುವ ಖಳರಲ್ಲ, ದೇವದೂತರೂ ಅಲ್ಲ. ಕಾದು ಕೂತವರು, ಅಷ್ಟೇ. ಮನೆಯವರೇ ಜಗಳವಾಡಿ ಬಾಗಿಲು ತೆಗೆಯುವವರೆಗೆ ಜಗಲಿಯಲ್ಲಿ ಕೂರುವಷ್ಟು ವ್ಯವಧಾನ ಅವರಿಗಿತ್ತು.

ಮಾಸ್ತಿ ಮೈಸೂರು ಸರ್ಕಾರದಲ್ಲಿ ಅಧಿಕಾರಿಯಾಗಿ ಊರೂರು ಸುತ್ತಿದವರು. ಅರ್ಜಿ ಹೇಗೆ ಬರುತ್ತದೆ, ಅಪ್ಪಣೆ ಹೇಗೆ ಕೆಳಗಿಳಿಯುತ್ತದೆ, ಮೇಲಿನವನ ಮನಸ್ಸು ಕೆಟ್ಟರೆ ಕೆಳಗಿನ ನಾಲ್ಕು ಜನ ಹೇಗೆ ನಡೆದುಕೊಳ್ಳುತ್ತಾರೆ, ಇದೆಲ್ಲ ಅವರಿಗೆ ಪುಸ್ತಕದಿಂದ ಬಂದ ತಿಳಿವಳಿಕೆಯಲ್ಲ. ಆದ್ದರಿಂದಲೇ ಈ ಕಾದಂಬರಿಯಲ್ಲಿ ಯುದ್ಧಕ್ಕಿಂತ ಮಾತುಕತೆ ಹೆಚ್ಚು. ಕತ್ತಿ ಕುದುರೆ ಬಯಸಿ ಬಂದವರಿಗೆ ಮೊದಲ ನೂರು ಪುಟ ನಿರಾಸೆಯಾಗಬಹುದು. ಕಂಪನಿಗಳಲ್ಲಿ, ಬ್ಯಾಂಕುಗಳಲ್ಲಿ, ಸರ್ಕಾರಿ ಕಚೇರಿಗಳಲ್ಲಿ ದುಡಿಯುವ ನಮ್ಮ ಕೇಳುಗರಿಗೆ ಮಾತ್ರ ಆ ಮೂವರು ಮಂತ್ರಿಗಳ ಸಭೆ ಎಲ್ಲೋ ನೋಡಿದ ಹಾಗೆ ಅನ್ನಿಸಿದರೆ ಆಶ್ಚರ್ಯವಿಲ್ಲ!

ನನ್ನ ಕಸುಬಿನಿಂದ ಕಂಡ ಒಂದು ವಿಷಯ. ಮೈಕಿನ ಮುಂದೆ ಕೂತು ಗಟ್ಟಿಯಾಗಿ ಓದುವವರಿಗೆ ಯಾವ ಲೇಖಕ ಕಿವಿಯಿಂದ ಬರೆದಿದ್ದಾನೆ, ಯಾವನು ಕಣ್ಣಿನಿಂದ ಬರೆದಿದ್ದಾನೆ ಎಂಬುದು ಎರಡೇ ನಿಮಿಷದಲ್ಲಿ ತಿಳಿಯುತ್ತದೆ. ಕೆಲವರ ವಾಕ್ಯ ನಡುವೆ ಉಸಿರು ಕಟ್ಟಿಸುತ್ತದೆ, ಕ್ರಿಯಾಪದ ಬರುವ ಹೊತ್ತಿಗೆ ಕರ್ತೃ ಮರೆತುಹೋಗಿರುತ್ತದೆ. ಮಾಸ್ತಿಯವರ ವಾಕ್ಯ ಉಸಿರಿಗೆ ಸರಿಯಾಗಿ ಮುಗಿಯುತ್ತದೆ. ಹಿರಿಯರೊಬ್ಬರು ಜಗಲಿಯಲ್ಲಿ ಕೂತು, ಎಲೆಯಡಿಕೆ ಹಾಕಿಕೊಂಡು, ಯಾವ ಅವಸರವೂ ಇಲ್ಲದೆ ಹೇಳುವ ದನಿ. ಎಂಥ ಘೋರ ಸಂಗತಿಯನ್ನೂ ಅದೇ ದನಿಯಲ್ಲಿ ಹೇಳುತ್ತಾರೆ, ಅದಕ್ಕೇ ಅದು ಹೆಚ್ಚು ತಟ್ಟುತ್ತದೆ. ಚೆನ್ನೈ ಕೇಳುಗರಿಗೆ ಒಂದು ಮಾತು ನೆನಪಿಸುತ್ತೇನೆ. ಇಷ್ಟು ಸಲೀಸಾಗಿ ಕನ್ನಡ ಬರೆದ ಈ ‘ಶ್ರೀನಿವಾಸ’ರ ಮನೆಮಾತು ತಮಿಳು. 1983ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಬಂದಾಗ ತೊಂಬತ್ತು ದಾಟಿದ್ದರು, ಆಗ ಎಲ್ಲರ ಬಾಯಲ್ಲೂ ಬಂದ ಹೆಸರು ಇದೇ ಕಾದಂಬರಿಯದು.

ಚೆನ್ನೈ ಅಂದ ಮೇಲೆ ನಿಮ್ಮ ಪಕ್ಕದ ಮನೆಯವರ ಪುಸ್ತಕದ ಕಪಾಟಿನ ಮಾತೂ ಬರಬೇಕು. ಅಲ್ಲಿ ಕಲ್ಕಿಯವರ ‘ಪೊನ್ನಿಯಿನ್ ಸೆಲ್ವನ್’ ಐದು ಸಂಪುಟ ಇದ್ದೇ ಇರುತ್ತದೆ. 2022 ಮತ್ತು 2023ರಲ್ಲಿ ಸಿನಿಮಾ ಬಂದ ಮೇಲಂತೂ ಎಳೆಯರೂ ಓದಿದರು. ಮುಂಬಯಿ, ಪುಣೆಗಳಲ್ಲಿ ರಣಜಿತ್ ದೇಸಾಯಿಯವರ ‘ಸ್ವಾಮಿ’, ವಿಶ್ವಾಸ ಪಾಟೀಲರ ‘ಪಾನಿಪತ್’ ಇಲ್ಲದ ಮರಾಠಿ ಮನೆ ಕಡಿಮೆ. ಅವರು ತಮ್ಮ ಗೆಲುವನ್ನೂ ಸೋಲನ್ನೂ ಕಾದಂಬರಿಗಳ ಮೂಲಕ ಮನೆಯೊಳಗೆ ಇಟ್ಟುಕೊಂಡಿದ್ದಾರೆ. ನಮ್ಮಲ್ಲಿ ಪುಸ್ತಕಗಳಿಗೇನು ಕೊರತೆ? ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಇದೆ. ಚಿತ್ರದುರ್ಗದ ಪಾಳೆಯಗಾರರ ಮೇಲೆ ತ.ರಾ.ಸು. ಸಾಲುಸಾಲಾಗಿ ಬರೆದ ಕಾದಂಬರಿಗಳಿವೆ, ಅವುಗಳಲ್ಲಿ 1779ರಲ್ಲಿ ದುರ್ಗ ಬಿದ್ದ ಕಥೆ ಹೇಳುವ ‘ದುರ್ಗಾಸ್ತಮಾನ’ ಗಾತ್ರದಲ್ಲೂ ನೋವಿನಲ್ಲೂ ದೊಡ್ಡದು. ಅದರ ಬಗ್ಗೆ ಬರೆಯಲು ಇನ್ನೊಂದು ಸಂಚಿಕೆಯೇ ಬೇಕು.

ಈಗ ಕೆಲಸಕ್ಕೆ ಬರುವ ಒಂದೆರಡು ಮಾತು. ‘ಚಿಕವೀರ ರಾಜೇಂದ್ರ’ ಓದಲು ಕೂತಾಗ ಪಕ್ಕದಲ್ಲಿ ಒಂದು ಹಾಳೆ, ಪೆನ್ನು ಇಟ್ಟುಕೊಳ್ಳಿ. ಅರಸರೆಲ್ಲ ರಾಜೇಂದ್ರರು, ಇತಿಹಾಸದಲ್ಲಿ ದೇವಮ್ಮಾಜಿಯರು ಇಬ್ಬರು. ಯಾರ ಮಗಳು ಯಾರು, ಯಾರು ಯಾರ ಕಡೆ ಎಂದು ಮೊದಲ ಐವತ್ತು ಪುಟ ಗೊಂದಲವಾಗುತ್ತದೆ. ಹಾಳೆಯ ಮೇಲೆ ಒಂದು ವಂಶವೃಕ್ಷ ಗೀಚಿಕೊಂಡರೆ ಆಯಿತು. ಹೊಸದಾಗಿ ಮದುವೆಯಾಗಿ ದೊಡ್ಡ ಕುಟುಂಬಕ್ಕೆ ಹೋದವರಿಗೆ ಮೊದಲ ಹಬ್ಬದಲ್ಲಿ ಹೀಗೇ ಆಗುತ್ತದಲ್ಲವೇ, ಎರಡನೇ ಹಬ್ಬಕ್ಕೆ ಎಲ್ಲರ ಜಗಳವೂ ಬಾಯಿಪಾಠ. ನೂರನೇ ಪುಟ ದಾಟಿದ ಮೇಲೆ ಆ ಹಾಳೆ ಬೇಕಾಗುವುದಿಲ್ಲ. ಅದು ಬೇಡವಾಗುವ ದಿನ ಒಂದು ಸಣ್ಣ ಹೆಮ್ಮೆ ಆಗುತ್ತದೆ, ಅದನ್ನೂ ಅನುಭವಿಸಿ. ಮನೆಯಲ್ಲಿ ಕನ್ನಡ ಮಾತಾಡುವ, ಆದರೆ ಅಕ್ಷರ ಓದಲು ಬಾರದ ಮಕ್ಕಳಿದ್ದರೆ ಕವಿ ರಾಮಚಂದ್ರ ಶರ್ಮರು ಮಾಡಿದ ಇಂಗ್ಲಿಷ್ ಅನುವಾದವಿದೆ. ಆದರೆ ದಿನಕ್ಕೆ ನಾಲ್ಕು ಪುಟ ನೀವೇ ಗಟ್ಟಿಯಾಗಿ ಓದಿ ಹೇಳಿದರೆ ಇನ್ನೂ ಒಳ್ಳೆಯದು. ಕೇಳಿಸಿಕೊಳ್ಳುವುದಕ್ಕೆ ಅಕ್ಷರ ಬರಬೇಕಿಲ್ಲ.

ಕಾದಂಬರಿ ಓದಿ ಮುಗಿಸಿದ ಮೇಲೆ, ನನ್ನ ಹಾಗೆ ನಿಮಗೂ, ಆಮೇಲೆ ಏನಾಯಿತು ಎಂದು ಇತಿಹಾಸದ ಪುಸ್ತಕ ಹುಡುಕುವ ಹುಚ್ಚು ಹಿಡಿಯುತ್ತದೆ. ಹುಡುಕಿದರೆ ಸಿಗುವ ಕಥೆ ಕಾದಂಬರಿಗಿಂತ ಕಡಿಮೆಯದಲ್ಲ. 1834ರ ಏಪ್ರಿಲ್ ಕೊನೆಯಲ್ಲಿ ಮಡಿಕೇರಿ ಬಿಟ್ಟ ರಾಜ ಮತ್ತೆ ಅಲ್ಲಿಗೆ ಬರಲಿಲ್ಲ. ಬೆಂಗಳೂರಿನ ಮೇಲೆ ವೆಲ್ಲೂರಿಗೆ, ಅಲ್ಲಿಂದ ಕಾಶಿಗೆ ಅವನನ್ನು ಕಳಿಸಿದರು. ಊರು ಬಿಟ್ಟು ಬಂದ ನಮಗೆ ವರ್ಷಕ್ಕೊಮ್ಮೆಯಾದರೂ ಟಿಕೆಟ್ ಸಿಗುತ್ತದೆ. ಅವನಿಗೆ ಇಪ್ಪತ್ತೈದು ವರ್ಷ ಸಿಗಲಿಲ್ಲ. ಕಾಶಿಯಲ್ಲಿ 1841ರಲ್ಲಿ ಅವನಿಗೆ ಗೌರಮ್ಮ ಎಂಬ ಮಗಳು ಹುಟ್ಟಿದಳು. ಕಾದಂಬರಿಯ ರಾಣಿಯ ಹೆಸರೂ ಗೌರಮ್ಮ, ಕಲಸಿಕೊಳ್ಳಬೇಡಿ. 1852ರಲ್ಲಿ ಈ ಮಗಳನ್ನು ಕರೆದುಕೊಂಡು ಅವನು ಲಂಡನ್ನಿಗೆ ಹಡಗು ಹತ್ತಿದ. ಮಗಳ ವಿದ್ಯಾಭ್ಯಾಸ ಒಂದು ಕಾರಣ. ಇನ್ನೊಂದು ಕಾರಣ, ದೊಡ್ಡವೀರ ರಾಜೇಂದ್ರ ಕಂಪನಿಯ ಸಾಲಪತ್ರಗಳಲ್ಲಿ ಇಟ್ಟಿದ್ದ ಹಣ. ಅದು ತನಗೆ ಸೇರಬೇಕೆಂದು ಅವನು ಲಂಡನ್ನಿನ ಕೋರ್ಟಿನಲ್ಲಿ ಕಂಪನಿಯ ಮೇಲೆಯೇ ದಾವೆ ಹೂಡಿದ. ಮಡಿಕೇರಿಯಲ್ಲಿ ದೂತನನ್ನು ಸೆರೆ ಹಿಡಿದು ವಾದ ಮಾಡುತ್ತಿದ್ದ ಮನುಷ್ಯ ಇಲ್ಲಿ ವಕೀಲರನ್ನಿಟ್ಟು ಕಾಗದಪತ್ರದಿಂದ ವಾದ ಮಾಡಿದ! ದಾವೆಯ ತೀರ್ಮಾನ ನೋಡಲು ಅವನು ಉಳಿಯಲಿಲ್ಲ. 1859ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ತೀರ್ಪೂ ಅವನ ಪರವಾಗಿ ಬರಲಿಲ್ಲ.

ಮಗಳ ಕಥೆ ಇನ್ನೂ ಸಂಕಟದ್ದು. 1852ರ ಜೂನ್ 30ರಂದು ಅವಳಿಗೆ ಕ್ರೈಸ್ತ ದೀಕ್ಷೆ ಆಯಿತು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರು ಕೊಟ್ಟಳು. ಕೊಡಗಿನ ಗೌರಮ್ಮ ವಿಕ್ಟೋರಿಯಾ ಗೌರಮ್ಮ ಆದಳು. ರಾಜ್ಯ ಕಳೆದುಕೊಂಡು ಅದೇ ಊರಲ್ಲಿದ್ದ ಪಂಜಾಬಿನ ಮಹಾರಾಜ ದುಲೀಪ್ ಸಿಂಗನಿಗೆ ಇವಳನ್ನು ಕೊಟ್ಟು ಮದುವೆ ಮಾಡಬೇಕೆಂಬ ಆಲೋಚನೆ ರಾಣಿಗಿತ್ತು, ಅದು ನಡೆಯಲಿಲ್ಲ. 1860ರಲ್ಲಿ ಜಾನ್ ಕ್ಯಾಂಪ್‌ಬೆಲ್ ಎಂಬ ಸೈನ್ಯಾಧಿಕಾರಿಯನ್ನು ಮದುವೆಯಾದಳು, ಒಂದು ಹೆಣ್ಣು ಮಗುವಾಯಿತು. 1864ರಲ್ಲಿ, ಇಪ್ಪತ್ತಮೂರು ತುಂಬುವ ಮೊದಲೇ, ಸತ್ತಳು. ವಿಂಟರ್‌ಹಾಲ್ಟರ್ ಎಂಬ ಚಿತ್ರಕಾರ ಬರೆದ ಅವಳ ಚಿತ್ರ ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿದೆ. ಕೊಡಗನ್ನು ಅವಳು ಒಂದು ದಿನವೂ ಕಂಡವಳಲ್ಲ.

ಮಾಸ್ತಿಯವರ ಪುಸ್ತಕ ಬಂದ 1956ರಲ್ಲೇ, ನವೆಂಬರ್ 1ರಂದು, ಕೊಡಗು ಪ್ರತ್ಯೇಕ ರಾಜ್ಯವಾಗಿದ್ದದ್ದು ಮುಗಿದು ವಿಶಾಲ ಮೈಸೂರಿನೊಳಗೆ ಸೇರಿತು. ಇದು ಕಾಕತಾಳೀಯವೇ ಇರಬಹುದು. ಆದರೆ ಆ ವರ್ಷ ಈ ಪುಸ್ತಕ ಕೈಗೆತ್ತಿಕೊಂಡ ಮಡಿಕೇರಿಯ ಓದುಗರೊಬ್ಬರನ್ನು ಊಹಿಸಿಕೊಳ್ಳಿ. ತಮ್ಮ ನಾಡು ಒಮ್ಮೆ ಹೇಗೆ ಕೈಬದಲಾಯಿತು ಎಂಬುದನ್ನು, ಅದು ಇನ್ನೊಮ್ಮೆ ಕೈಬದಲಾಗುವ ಹೊತ್ತಿನಲ್ಲಿ ಅವರು ಓದುತ್ತಿದ್ದರು.

ಮುಂದಿನ ಸಲ ಮಡಿಕೇರಿಗೆ ಹೋದರೆ ರಾಜಾಸೀಟಿನಲ್ಲಿ ಸೂರ್ಯಾಸ್ತ ನೋಡಿ ಹಿಂತಿರುಗಬೇಡಿ. ಗದ್ದುಗೆಗೂ ಹೋಗಿ ಬನ್ನಿ. ಗುಮ್ಮಟ, ಮಿನಾರುಗಳಿರುವ ಸಮಾಧಿಗಳು, ಮೂಲೆಗಳಲ್ಲಿ ನಂದಿ. ಹೆಚ್ಚು ಜನ ಇರುವುದಿಲ್ಲ. ಒಂದರಲ್ಲಿ ದೊಡ್ಡವೀರ ರಾಜೇಂದ್ರ ಮತ್ತು ಅವನ ರಾಣಿ ಇದ್ದಾರೆ. ಇನ್ನೊಂದು ಲಿಂಗರಾಜನದು, ಅದನ್ನು ಕಟ್ಟಿಸಿದವನು ಮಗ ಚಿಕವೀರ ರಾಜೇಂದ್ರ. ಮೂರನೆಯದು ಚಿಕ್ಕದು, ರಾಜಗುರು ರುದ್ರಪ್ಪನವರದು. ಟಿಪ್ಪುವಿನ ವಿರುದ್ಧ ಹೋರಾಡಿದ ಬಿದ್ದಂಡ ಬೋಪು ಮತ್ತು ಅವನ ಮಗನ ಸಮಾಧಿಗಳೂ ಅಲ್ಲೇ ಇವೆ. ಅಪ್ಪನಿಗೆ ಗುಮ್ಮಟ ಕಟ್ಟಿಸಿದವನಿಗೆ ಮಾತ್ರ ಅಲ್ಲಿ ಜಾಗ ಸಿಗಲಿಲ್ಲ. ಅವನನ್ನು ಹೂಳಿದ್ದು ಲಂಡನ್ನಿನ ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ.